ಚೈನಾಗ್ರಾಸಿನ ಫ್ಯಾನಿ

ಭಾನುವಾರ ಮಗಳಿಗೆಂದು ಚೈನಾಗ್ರಾಸ್ ಕಾಯಿಸಲು ಹೋಗಿ ಸ್ಟವ್ ತುಂಬ ಹಾಲು ಉಕ್ಕಿಸಿದೆ. ಲ್ಯಾಬಿನಲ್ಲೂ ನನ್ನದು ಇದೇ ಹಣೆಬರಹ: ಬ್ಯಾಕ್ಟೀರಿಯಾ ಬೆಳೆಸಲೆಂದು ಫ್ಲಾಸ್ಕಿನಲ್ಲಿ ಅಗರ್ ಕರಗಿಸುವಾಗ ಒಂದು ಗಳಿಗೆ ಆಚೆ ತಿರುಗಿದರೆ ಬುಸ್ಸೆಂದು ಮೇಲೇಳುತ್ತದೆ. ಎರಡೂ ಅದೇ ಕಡಲಪಾಚಿಯ ಸಾರ ತಾನೆ!

ಅದನ್ನು ಅಡುಗೆಮನೆಯಿಂದ ಲ್ಯಾಬಿಗೆ ದಾಟಿಸಿದವಳು ಫ್ಯಾನಿ ಹೆಸ್ಸೆ. ಗಂಡ ವಾಲ್ಟರ್, ಜರ್ಮನಿಯ ವೈದ್ಯ. 1881ರ ಸುಮಾರಿಗೆ ರೋಗಾಣು ವಿಜ್ಞಾನಿ ರಾಬರ್ಟ್ ಕಾಕ್ ಅವರ ಬಳಗ ಸೇರಿ ಗಾಳಿಯಲ್ಲಿನ ಬ್ಯಾಕ್ಟೀರಿಯಾದ ಬೆನ್ನು ಹತ್ತಿದ್ದ. ಅವನ ಪ್ರಯೋಗಗಳಿಗೆ ಕೈಜೋಡಿಸಿ, ಲೇಖನಗಳಿಗೆ ಚಿತ್ರ ಬರೆದುಕೊಡುತ್ತಿದ್ದವಳು ಇವಳೇ. ಆಗ ಗಟ್ಟಿ ತಳದ ಮೇಲೆ ಬ್ಯಾಕ್ಟೀರಿಯಾ ಬೆಳೆಸಲು ಹೆಚ್ಚಾಗಿ ಬಳಸುತ್ತಿದ್ದದ್ದು ಬೇಯಿಸಿದ ಆಲೂಗಡ್ಡೆಯ ಹೋಳು, ಇಲ್ಲವೇ ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಜೆಲಟಿನ್. ಬೇಸಿಗೆ ಬಂತೆಂದರೆ ಜೆಲಟಿನ್ ನೀರು.

ಆ ಫಜೀತಿ ನನಗೆ ಚೆನ್ನಾಗಿ ಗೊತ್ತು. ಒಂದು ಮೇ ತಿಂಗಳು, ಮಂಗಳೂರಿನ ಸೆಕೆಯಲ್ಲಿ, ಪ್ರಾಕ್ಟಿಕಲ್‌ಗೆ ಮಾಡಿಟ್ಟ ಜೆಲಟಿನ್ ಟ್ಯೂಬುಗಳನ್ನು ಫ್ರಿಜ್ಜಿಗಿಡಲು ಮರೆತೆ. ಯಾವ ಬ್ಯಾಕ್ಟೀರಿಯಾ ಜೆಲಟಿನ್ ಕರಗಿಸುತ್ತದೆ ಎಂದು ನೋಡುವ ಟೆಸ್ಟ್ ಅದು. ಮಕ್ಕಳು ಟ್ಯೂಬ್ ಓರೆಮಾಡಿದರೆ ಎಲ್ಲವೂ ಗಳಗಳ. ಏನನ್ನೂ ಹಾಕದ ಕಂಟ್ರೋಲ್ ಟ್ಯೂಬೂ! ಇಡೀ ಬ್ಯಾಚ್ 'ಪಾಸಿಟಿವ್' ಎಂದು ಬರೆದುಕೊಂಡಿತ್ತು.

ಫ್ಯಾನಿಯ ಜೆಲ್ಲಿ, ಪುಡಿಂಗುಗಳು ಮಾತ್ರ ಸೆಕೆಗೆ ಜಗ್ಗುತ್ತಿರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಜಾವಾದಿಂದ ಬಂದಿದ್ದ ಡಚ್ ನೆರೆಯವರಿಂದ ಅಗರ್ ಬಳಕೆ ಕಲಿತಿದ್ದಳು. ಅದನ್ನೇ ಗಂಡನಿಗೆ ಹೇಳಿದಳು. ಅಗರ್ ಕರಗಲು ಸುಮಾರು 85 ಡಿಗ್ರಿ ಬೇಕು, ಆರುತ್ತ ಬಂದರೆ 40ರ ಕೆಳಗೆ ಗಟ್ಟಿ. ಅಂದರೆ ನಮ್ಮ ಮೈಬಿಸಿಯಾದ 37 ಡಿಗ್ರಿಯಲ್ಲಿ ರೋಗಾಣು ಬೆಳೆಸಿದರೂ ಕದಲುವುದಿಲ್ಲ. ಸಾಲದ್ದಕ್ಕೆ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಅದನ್ನು ತಿಂದು ಅರಗಿಸಿಕೊಳ್ಳಲೂ ಬಾರದು.

ವಾಲ್ಟರ್ ವಿಷಯವನ್ನು ಕಾಕ್ ಕಿವಿಗೆ ಹಾಕಿದ. 1882ರ ಕ್ಷಯದ ಲೇಖನದಲ್ಲಿ ಕಾಕ್ ಅಗರ್ ಬಗ್ಗೆ ಬರೆದರು. ಹೆಸ್ಸೆ ದಂಪತಿಯ ಸುದ್ದಿಯಿಲ್ಲ. 1887ರಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಯ ಬಗ್ಗೆ ಬರೆದ ಪೆಟ್ರಿಯ ಹೆಸರು ತಟ್ಟೆಗೇ ಅಂಟಿಕೊಂಡು ಅದು 'ಪೆಟ್ರಿ ಡಿಶ್' ಆಯಿತು. ನನಗೆ ಕೇಳಿದರೆ, ಒಳಗಿನ ಅಗರಿಗೆ ಫ್ಯಾನಿಯ ಹೆಸರು ಇಡಬೇಕಿತ್ತು.

ಅಂದಹಾಗೆ ಭಾನುವಾರ ಕರೆಂಟೂ ಇರಲಿಲ್ಲ. ಅಳಿದುಳಿದ ಹಾಲಿನ ಚೈನಾಗ್ರಾಸ್ ಕಟ್ಟೆಯ ಮೇಲೇ ಗಟ್ಟಿಯಾಯಿತು. ಮಗಳು ಚಮಚದಲ್ಲಿ ತಟ್ಟಿ ನೋಡಿ, ಬಟ್ಟಲು ಖಾಲಿ ಮಾಡಿದಳು.