ಪ್ರಧಾನಿಗಳು ಬದಲಾದರು, ಹೇವುಡ್ ಉಳಿದರು

ಸುಮ್ನೆ ಏನೋ ಹುಡುಕಲು ಹೋಗಿ ಜೆರೆಮಿ ಹೇವುಡ್ ಬಗ್ಗೆ ಓದುತ್ತಾ ಕೂತುಬಿಟ್ಟೆ. ಬ್ರಿಟನ್ನಿನ ಅಧಿಕಾರಿ. ನಮ್ಮಲ್ಲಿ ಈ ಹೆಸರು ಕೇಳಿದವರೇ ಕಡಿಮೆ. ಬ್ಲೇರ್, ಬ್ರೌನ್, ಕ್ಯಾಮರಾನ್, ಮೇ, ನಾಲ್ಕೂ ಪ್ರಧಾನಿಗಳ ಪಕ್ಕದಲ್ಲಿ ಕೆಲಸ ಮಾಡಿದವರು. ಪಕ್ಷ ಬದಲಾದರೂ ಇವರು ಬೇಕೇ ಬೇಕು!

1992ರ ಸೆಪ್ಟೆಂಬರ್ 16ರಂದು ಪೌಂಡ್ ಮುಗ್ಗರಿಸಿ, ಬ್ರಿಟನ್ ಯುರೋಪಿನ ವಿನಿಮಯ ದರ ವ್ಯವಸ್ಥೆಯಿಂದ (ಸದಸ್ಯ ದೇಶಗಳ ಕರೆನ್ಸಿ ಬೆಲೆಯನ್ನು ನಿಗದಿತ ಮಿತಿಯೊಳಗೆ ಇಡುವ ಏರ್ಪಾಡು) ಹೊರಬಿತ್ತು. ಆಗ ಹಣಕಾಸು ಸಚಿವ ನಾರ್ಮನ್ ಲಾಮಾಂಟ್ ಅವರ ಮುಖ್ಯ ಖಾಸಗಿ ಕಾರ್ಯದರ್ಶಿ ಇದೇ ಹೇವುಡ್. ವಯಸ್ಸು ಬರೀ 30. ಆ ವಯಸ್ಸಲ್ಲಿ ನನಗೆ ಬಾಸ್ ಹತ್ತಿರ ರಜೆ ಕೇಳೋಕೂ ಭಯ.

ನಡುವೆ ಕೆಲವು ವರ್ಷ ಮಾರ್ಗನ್ ಸ್ಟ್ಯಾನ್ಲಿ ಬ್ಯಾಂಕ್. 2007ರಲ್ಲಿ ಮತ್ತೆ ಸರ್ಕಾರಕ್ಕೆ. 2012ರಿಂದ ಸಂಪುಟ ಕಾರ್ಯದರ್ಶಿ, ಆಮೇಲೆ ಇಡೀ ಸಿವಿಲ್ ಸರ್ವಿಸ್‌ಗೂ ಮುಖ್ಯಸ್ಥ. ಬ್ರೆಕ್ಸಿಟ್ ಗಲಾಟೆಯೂ ಇವರ ಟೇಬಲ್ ಮೇಲೇ ಬಂತು. 2018ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದಾಗಿ ಹುದ್ದೆ ಬಿಟ್ಟರು. ಲಾರ್ಡ್ ಪದವಿ ಸಿಕ್ಕಿತು, ನವೆಂಬರ್ 4ರಂದು ತೀರಿಕೊಂಡರು. 56 ವರ್ಷ ಅಷ್ಟೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಗ್ರೀನ್‌ಸಿಲ್ ಹಗರಣ ಎದ್ದಿತು, ಅಂದರೆ ಒಂದು ಖಾಸಗಿ ಹಣಕಾಸು ಕಂಪನಿಗೆ ಸರ್ಕಾರದೊಳಗೆ ಸಿಕ್ಕ ಪ್ರವೇಶದ ಬಗ್ಗೆ ಗದ್ದಲ. ಆ ಕಂಪನಿಯ ಲೆಕ್ಸ್ ಗ್ರೀನ್‌ಸಿಲ್ ಎಂಬ ಉದ್ಯಮಿಯನ್ನು ಸರ್ಕಾರದೊಳಗೆ ಬಿಟ್ಟುಕೊಂಡವರು ಹೇವುಡ್ ಎಂದು ವಿಚಾರಣೆ ಬೆರಳು ತೋರಿಸಿತು. ಸತ್ತವರ ಮೇಲೆ ಎಲ್ಲ ಹೊರೆ ಹಾಕುತ್ತಿದ್ದಾರೆ ಎಂದು ಪತ್ನಿ ಸುಝಾನ್ ಸಿಟ್ಟಾದರು. ಸಿಟ್ಟು ನ್ಯಾಯವೇ, ಉತ್ತರ ಕೊಡಲು ಅವರಿಲ್ಲ ಅಲ್ವಾ? ಆದರೂ ಅಷ್ಟೊಂದು ಅಧಿಕಾರ ಒಬ್ಬರ ಕೈಲಿ, ಅದೂ ಜನ ಆರಿಸದವರ ಕೈಲಿ ಇದ್ದದ್ದು ನನಗೆ ಸ್ವಲ್ಪ ಜಾಸ್ತಿಯೇ ಅನಿಸಿತು.