ಮಳೆ ಲೆಕ್ಕದ ಸರ್ವರ್: ಜೋಡಣೆಯೆಲ್ಲ ಈಗ ಒಂದೇ ಮಾಡ್ಯೂಲಿನಲ್ಲಿ

ಶಿರಸಿ ಮನೆಯ ಹಳೆ ಲ್ಯಾಪ್‌ಟಾಪಿನಲ್ಲಿ ಓಡುವ ಮಳೆ ಲೆಕ್ಕದ ಸರ್ವರ್‌ನ ಒಳಗಿನ ಜೋಡಣೆ ಪೂರ್ತಿ ಬದಲಾಗಿದೆ. ಮೊದಲ ಸಲ ಓದುವವರಿಗೆ ಎರಡು ಮಾತು. ಅಂಗಳದ ಮಳೆಮಾಪಕವನ್ನು ಅಪ್ಪ ದಿನಾ ಬೆಳಿಗ್ಗೆ 8:30ಕ್ಕೆ ನೋಡಿ ಮೊಬೈಲಿನಿಂದ ಲೆಕ್ಕ ಸೇರಿಸುತ್ತಾರೆ. ಅಕ್ಕಪಕ್ಕದ ಕೆಲವು ಮನೆಯವರೂ ಸೇರಿಸುತ್ತಾರೆ. ಅಡಿಕೆ ತೋಟ ಇರುವವರಿಗೆ ಇದು ಬರೀ ಕುತೂಹಲದ ವಿಷಯ ಅಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಯಾವಾಗ ಹೊಡೆಸಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಯಾವತ್ತು ಬಾ ಅನ್ನಬೇಕು ಅನ್ನುವುದೆಲ್ಲ ಮಳೆಯ ಬಿಡುವು ನೋಡಿಯೇ ತೀರ್ಮಾನ ಆಗುತ್ತದೆ.

ವೆಬ್ ಸರ್ವರ್ ಜೆಟ್ಟಿ 11. ಅದು ಜಾವಾ ಪ್ರೋಗ್ರಾಮಿನ ಒಳಗೇ ಶುರುವಾಗುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಒಂದು ಜಾರ್ ಫೈಲ್ ಓಡಿಸಿದರೆ ಮುಗಿಯಿತು. ಇಲ್ಲಿಯ ತನಕ ಪ್ರತಿ ಸರ್ವ್‌ಲೆಟ್ಟಿಗೂ (ಪುಟದ ವಿನಂತಿಗೆ ಉತ್ತರ ಕೊಡುವ ಜಾವಾ ಕ್ಲಾಸು) ಡೇಟಾಬೇಸ್, ಗಡಿಯಾರ, ಮಳೆ ನಕ್ಷತ್ರದ ಪಟ್ಟಿ ಎಲ್ಲವನ್ನೂ ಪ್ರೋಗ್ರಾಮ್ ಶುರುವಾಗುವ ಮೇನ್ ಮೆಥಡ್‌ನಲ್ಲಿ ಕೈಯಾರೆ ಕೊಡುತ್ತಿದ್ದೆ. ಪುಟ ಜಾಸ್ತಿ ಆದ ಹಾಗೆ ಮೇನ್ ಉದ್ದವಾಯಿತು. ಈಗ ಆ ಕೆಲಸ ಗೂಗಲ್‌ನ ಜ್ಯೂಸ್ ಲೈಬ್ರರಿಗೆ (ಹುಡುಕುವಾಗ ಹೆಸರು ಜಿ ಅಕ್ಷರದಿಂದ ಶುರು, Guice). ಯಾವುದನ್ನು ಎಲ್ಲಿಂದ ಕೊಡಬೇಕು ಅಂತ ಮಾಡ್ಯೂಲ್ ಅನ್ನುವ ಕ್ಲಾಸಿನಲ್ಲಿ ಬರೆದಿಟ್ಟರೆ, ಯಾರಿಗೆ ಏನು ಬೇಕೋ ಅದನ್ನು ಅದೇ ಕೊಡುತ್ತದೆ. ಜೆಟ್ಟಿ 11ಕ್ಕೆ ಜ್ಯೂಸ್ 7 ಬೇಕು, ಎರಡೂ ಸರ್ವ್‌ಲೆಟ್‌ಗೆ ಜಕಾರ್ತಾ ಅನ್ನುವ ಹೊಸ ಹೆಸರಿನ ಪ್ಯಾಕೇಜ್ ಬಳಸುತ್ತವೆ. ಹಳೆ ಜಾವಾಎಕ್ಸ್ ಸರ್ವ್‌ಲೆಟ್‌ನಲ್ಲೇ ಇರುವವರಿಗೆ ಜೆಟ್ಟಿ 10, ಜ್ಯೂಸ್ 6 ಸರಿಯಾದ ಜೋಡಿ.

ಕೆಲಸ ನಡೆಯುವುದು ಹೀಗೆ. ಜೆಟ್ಟಿಗೆ ಒಂದೇ ಒಂದು ಫಿಲ್ಟರ್ (ಸರ್ವ್‌ಲೆಟ್ ತಲುಪುವ ಮುಂಚೆ ವಿನಂತಿ ಹಾದುಹೋಗುವ ಕೋಡು) ಕೊಡಬೇಕು, ಜ್ಯೂಸ್‌ನ ಫಿಲ್ಟರ್. ಎಲ್ಲ ವಿಳಾಸಗಳಿಗೂ ಅದೇ. ಅದನ್ನು ಮಾಡ್ಯೂಲ್ ಓದಿ ವಸ್ತುಗಳನ್ನು ಮಾಡಿಕೊಡುವ ಜ್ಯೂಸ್‌ನ ಇಂಜೆಕ್ಟರ್‌ನಿಂದಲೇ ಪಡೆದು ಫಿಲ್ಟರ್ ಹೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಯಾವ ವಿಳಾಸಕ್ಕೆ ಯಾವ ಸರ್ವ್‌ಲೆಟ್ ಅನ್ನುವುದು ಸರ್ವ್‌ಲೆಟ್ ಮಾಡ್ಯೂಲಿನ ಒಳಗೆ ಇರುತ್ತದೆ. ಅಲ್ಲಿ ಸಾಲುಗಳ ಕ್ರಮ ಮುಖ್ಯ. ಮಾಮೂಲಿ ಸರ್ವರ್ ವಿಳಾಸಕ್ಕೆ ಅತಿ ಹೆಚ್ಚು ಹೊಂದುವ ಸರ್ವ್‌ಲೆಟ್ಟನ್ನು ಆರಿಸುತ್ತದೆ. ಜ್ಯೂಸ್ ಮೇಲಿನಿಂದ ಕೆಳಗೆ ನೋಡುತ್ತಾ ಹೋಗಿ ಮೊದಲು ಹೊಂದಿದ್ದಕ್ಕೇ ಕೊಟ್ಟುಬಿಡುತ್ತದೆ. ಹಾಗಾಗಿ 'ಮಳೆ/ನಕ್ಷತ್ರ' ಸಾಲು ಮೇಲೆ, 'ಮಳೆ/*' ಅದರ ಕೆಳಗೆ.

ಸರ್ವ್‌ಲೆಟ್‌ಗಳು ಸಿಂಗಲ್‌ಟನ್, ಅಂದರೆ ಇಡೀ ಪ್ರೋಗ್ರಾಮಿಗೆ ಒಂದೊಂದೇ, ಆಗಿರಲೇಬೇಕು, ಇಲ್ಲದಿದ್ದರೆ ಜ್ಯೂಸ್ ಶುರುವಿನಲ್ಲೇ ತಡೆಯುತ್ತದೆ. ನನಗೆ ಈ ಕಟ್ಟುನಿಟ್ಟು ಇಷ್ಟ. ಒಂದೇ ಸರ್ವ್‌ಲೆಟ್ ಎಲ್ಲರ ವಿನಂತಿಗೂ ಉತ್ತರ ಕೊಡುವಾಗ 'ಈಗ ಬರೆಯುತ್ತಿರುವವರು ಯಾರು' ಅನ್ನುವುದನ್ನು ಅದರ ಫೀಲ್ಡಿನಲ್ಲಿ ಇಡಬಾರದು, ಅಲ್ವಾ? ಇಬ್ಬರು ಒಟ್ಟಿಗೆ ಬರೆದರೆ ಒಬ್ಬರ ಮನೆಯ ಮಳೆ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಬರೆಯುವವರ ವಿವರ ಒಂದು ವಿನಂತಿಯಷ್ಟೇ ಹೊತ್ತು ಬದುಕುವ ವಸ್ತು. ಅದನ್ನು ರಿಕ್ವೆಸ್ಟ್ ಸ್ಕೋಪಿನಲ್ಲಿ ಇಟ್ಟು, ಸರ್ವ್‌ಲೆಟ್ಟಿಗೆ ನೇರವಾಗಿ ಕೊಡದೆ ಪ್ರೊವೈಡರ್ (ಕೇಳಿದಾಗ ಆ ವಸ್ತುವನ್ನು ತಂದುಕೊಡುವ ಮಧ್ಯವರ್ತಿ) ಕೊಟ್ಟಿದ್ದೇನೆ. ನೇರ ಕೊಟ್ಟರೆ ಸರ್ವ್‌ಲೆಟ್ ಹುಟ್ಟುವ ಹೊತ್ತಿಗೆ ಯಾವ ವಿನಂತಿಯೂ ಬಂದಿರುವುದಿಲ್ಲ, ಜ್ಯೂಸ್ ದೋಷ ತೋರಿಸುತ್ತದೆ. ಪ್ರೊವೈಡರ್ ಇದ್ದರೆ ಪ್ರತಿ ವಿನಂತಿಯಲ್ಲೂ 'ಗೆಟ್' ಅಂದಾಗ ಆ ಹೊತ್ತಿನವರ ಹೆಸರೇ ಸಿಗುತ್ತದೆ.

ಗಡಿಯಾರದ ವಿಷಯದಲ್ಲಂತೂ ಈ ಬದಲಾವಣೆಯಿಂದ ತುಂಬ ಅನುಕೂಲ ಆಯಿತು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ, ನಾವೂ ಅದನ್ನೇ ಪಾಲಿಸುತ್ತೇವೆ. ಬೆಳಿಗ್ಗೆ 7ಕ್ಕೆ ಪುಟ ತೆರೆದರೆ ನಿನ್ನೆ ಶುರುವಾದ ಮಳೆ ದಿನವೇ ಇನ್ನೂ ನಡೆಯುತ್ತಿರುತ್ತದೆ. ಕೋಡಿನ ನಡುವೆ ಎಲ್ಲೆಂದರಲ್ಲಿ 'ಈಗ ಎಷ್ಟು ಹೊತ್ತು' ಅಂತ ಕೇಳಿದರೆ ಇದನ್ನು ಪರೀಕ್ಷಿಸಲು 8:30ರ ತನಕ ಕಾಯಬೇಕು. ಈಗ ಜಾವಾದ ಕ್ಲಾಕ್ ವಸ್ತು ನಮ್ಮ ಮಾಡ್ಯೂಲಿನಿಂದ ಬರುತ್ತದೆ. ಟೆಸ್ಟಿನಲ್ಲಿ ಅದೇ ಜಾಗಕ್ಕೆ 8:29ಕ್ಕೆ ನಿಂತ ಗಡಿಯಾರ ಒಂದು, 8:31ಕ್ಕೆ ನಿಂತದ್ದು ಇನ್ನೊಂದು. ನಕ್ಷತ್ರದ ಪುಟಕ್ಕೂ ಇದೇ ಉಪಾಯ. ಆರಿದ್ರಾ ಮಳೆ ಹೂಡುವುದು ಜೂನ್ 21-22ರ ಸುಮಾರಿಗೆ. ಒಂದೊಂದು ಮಳೆ 13-14 ದಿನ. ಆರಿದ್ರಾ ಮುಗಿದು ಪುನರ್ವಸು ಹೂಡುವ ದಿನ ಮೊತ್ತ ಸರಿಯಾಗಿ ಬೇರೆಯಾಗುತ್ತದೆಯೇ ಅಂತ ಬೇಸಿಗೆಯಲ್ಲೇ ಕೂತು ನೋಡಬಹುದು.

ಕನ್ನಡ ಅಕ್ಷರಕ್ಕೆ ಮಾಡ್ಯೂಲಿನ ಒಳಗೆ ಒಂದು ಸಣ್ಣ ಫಿಲ್ಟರ್ ಸೇರಿಸಿದೆ. ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್ ಆಗಿಸುವ ಪದ್ಧತಿ) ಹೇಳದೆ ಸಾದಾ ಪಠ್ಯ ಕಳಿಸಿದರೆ ಸರ್ವ್‌ಲೆಟ್ ನಿಯಮದ ಪ್ರಕಾರ ಅದು ಕನ್ನಡ ಅಕ್ಷರವೇ ಇಲ್ಲದ ಐಎಸ್‌ಒ 8859-1 ಆಗುತ್ತದೆ. ಆಗ 'ಆಶ್ಲೇಷಾ' ಇರಬೇಕಾದ ಕಡೆ ಬರೀ ಪ್ರಶ್ನೆ ಚಿಹ್ನೆ. ಈ ಫಿಲ್ಟರ್ ಮೊದಲ ಸಾಲಿನಲ್ಲೇ ನಿಂತು ಎಲ್ಲದಕ್ಕೂ ಯುಟಿಎಫ್-8 ಹಾಕುತ್ತದೆ.

ಮುಂದಿನ ಕೆಲಸ ಬೋರ್ಡೋ, ಅಂದರೆ ಕೊಳೆ ಔಷಧಿಯ ಪುಟ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕಿ ಮಾಡಿದ ದ್ರಾವಣ ಹೊಡೆದು 40-45 ದಿನಕ್ಕೆ ಎರಡನೇ ಸಲ ಹೊಡೆಯಬೇಕು. ಮೊದಲನೆಯದರ ತಾರೀಕು ಬರೆದಿಟ್ಟರೆ, ಎರಡನೆಯದು ಹತ್ತಿರ ಬಂದಾಗ ಪುಟದ ಮೇಲ್ಗಡೆ ಕಾಣಬೇಕು, ಆ ವಾರದ ಮಳೆಯೂ ಪಕ್ಕದಲ್ಲೇ ಇರಬೇಕು. ಕೋಡಿನ ಲೆಕ್ಕದಲ್ಲಿ ಒಂದು ಹೊಸ ಕ್ಲಾಸು, ಮಾಡ್ಯೂಲಿನಲ್ಲಿ ಒಂದು ಸಾಲು. ಮೊದಲ ಔಷಧಿ ಮಳೆಗಾಲ ಹಿಡಿಯುವ ಮುಂಚೆಯೇ ಆಗುವುದರಿಂದ ಪುಟವೂ ಅಷ್ಟರೊಳಗೆ ತಯಾರಾಗಬೇಕು.