ಭಾವನ ಬುಲೆಟ್ಟು, ಗೌರಿಯ ಉಸಿರು

11 ಮಾರ್ಚ್ 2025, ಮಂಗಳವಾರ
ಮುಳಬಾಗಿಲು

ಇವತ್ತು ಸಂಜೆ ನಮ್ಮನೆಯಿಂದ ಡೇರಿಗೆ ಹಾಲೇ ಹೋಗಲಿಲ್ಲ. ಕಾರಣ ಭಾವನ ಹೊಸ ಬುಲೆಟ್.

ನಮ್ಮ ಹಸು ಗೌರಿ ಬೂಸಾ ತಿನ್ನುತ್ತಾ ನಿಂತಿದ್ದಳು. ಅಮ್ಮ ಇನ್ನೇನು ಕರೆಯೋಕೆ ಕೂರಬೇಕು, ಅಷ್ಟರಲ್ಲಿ ಗುಡಿ ತಿರುವಿನ ಹತ್ತಿರ ಡುಗುಡುಗು ಸದ್ದು. ಗಾಡಿ ಇನ್ನೂ ಕಣ್ಣಿಗೇ ಬಿದ್ದಿಲ್ಲ, ಇವಳು ತಿನ್ನೋದು ಬಿಟ್ಟು ತಲೆ ಎತ್ತಿಬಿಟ್ಟಳು. ಕಿವಿ ನೆಟ್ಟಗೆ, ಮೂಗಿನ ಹೊಳ್ಳೆ ಇಷ್ಟಗಲ, ಪಕ್ಕೆ ಬುಸುಬುಸು. ಮೊಬೈಲ್ ನೋಡ್ಕೊಂಡು ಎಣಿಸಿದೆ, ಉಸಿರು ನಿಮಿಷಕ್ಕೆ 60 ದಾಟಿತ್ತು. ಆರಾಮವಾಗಿದ್ದಾಗ 30ರ ಆಸುಪಾಸು ಇರುತ್ತೆ. ಸೆಕೆ ಅನ್ನೋಣ ಅಂದ್ರೆ ಬಿಸಿಲು ಆಗಲೇ ಇಳಿದು ಗಾಳಿ ಬೀಸ್ತಿತ್ತು.

ಕೆಚ್ಚಲು ತುಂಬಿದೆ, ಅಮ್ಮ ಎಷ್ಟು ನೀವಿದರೂ ನಾಲ್ಕು ಹನಿ. "ಅಳಿಯಂದ್ರು ಬಂದ ಹೊತ್ತಲ್ಲೇ ಹೀಗಾ ಆಡೋದು ಇವಳು" ಅಂತ ಅಮ್ಮನಿಗೆ ಸಂಕಟ. ದೃಷ್ಟಿ ಅಂತ ಮೆಣಸಿನಕಾಯಿನೂ ಇಳಿಸಿದರು.

ದೃಷ್ಟಿಯೂ ಇಲ್ಲ, ಏನೂ ಇಲ್ಲ. ಮಳೆಗಾಲದಲ್ಲಿ ಇವಳಿಗೆ ಕೆಚ್ಚಲು ಬಾವು ಬಂದಾಗ ದಿನಾ ಸೂಜಿ ಚುಚ್ಚೋಕೆ ಬರ್ತಿದ್ದ ಡಾಕ್ಟ್ರದ್ದೂ ಬುಲೆಟ್ಟೇ ಅಲ್ವಾ! ರಷ್ಯಾದ ವಿಜ್ಞಾನಿ ಪಾವ್ಲೋವ್ ಅಂದ್ರೆ ನಮಗೆಲ್ಲ ನಾಯಿ ಜೊಲ್ಲು ಮಾತ್ರ ನೆನಪು: ದಿನಾ ಸದ್ದು ಮಾಡಿ ಊಟ ಕೊಟ್ಟರೆ, ಆಮೇಲೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತೆ. ಆದರೆ ಹೀಗೆ ಜೊತೆಗೂಡಿಸಿ ಕಲಿತದ್ದು ಉಸಿರಿಗೂ, ಎದೆ ಬಡಿತಕ್ಕೂ ಇಳಿಯುತ್ತೆ. ಸದ್ದು ಕಿವಿಗೆ ಬಿತ್ತು, ಸೂಜಿ ಬರೋ ಮೊದಲೇ ಮೈ ಸಜ್ಜಾಯಿತು, ಗಾಬರಿಯ ಹಾರ್ಮೋನು ಅಡ್ರಿನಲಿನ್ ಏರಿತು. ಅದು ಏರಿದರೆ ಹಾಲು ಇಳಿಸೋ ಹಾರ್ಮೋನು ಆಕ್ಸಿಟೋಸಿನ್ ಆಟ ನಡೆಯಲ್ಲ.

ಹಾಲು ಬಿಡೋದೂ ಅರ್ಧ ಕಲಿತದ್ದೇ. ಬಕೆಟ್ ಸದ್ದಿಗೇ ತೊಟ್ಟು ಒದ್ದೆಯಾಗೋ ಹಸುಗಳಿವೆ. ನಮ್ಮ ಹಳೇ ಸೀಮೆ ಹಸು ಅಪ್ಪ ಹಿತ್ತಲ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಹಾಲು ಬಿಡ್ತಿತ್ತು. ಅಪ್ಪ ಹೋದಮೇಲೆ ಅಮ್ಮ ಸುಮ್ನೆ ಅದರ ಮುಂದೆ ಕೆಮ್ಮಿ ನೋಡ್ತಿದ್ದರು. ಅದನ್ನ ಈಗ ಯಾಕೆ ಬರೀತಿದ್ದೀನೋ.

ಇನ್ನು ಆ ಬುಸುಬುಸು ಉಸಿರಿನ ಮಾತು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಒಂದು ವಿಷಯ ಕಂಡರು. ಮಿದುಳಿನಲ್ಲಿ ಉಸಿರಿನ ಲಯ ಹುಟ್ಟೋ ಜಾಗದಲ್ಲೇ ಒಂದು ಪುಟ್ಟ ನರಕೋಶದ ಗುಂಪಿದೆ. ಅದು ಎಚ್ಚರ, ಗಾಬರಿ ನೋಡ್ಕೊಳ್ಳೋ ಜಾಗಕ್ಕೆ ಸುದ್ದಿ ಕಳಿಸುತ್ತೆ. ಆ ಗುಂಪನ್ನ ತೆಗೆದರೆ ಇಲಿಗಳು ಉಸಿರಾಡ್ತಾವೆ, ಆದರೆ ಭಾರೀ ಶಾಂತ. ಅಂದ್ರೆ ಗಾಬರಿಗೆ ಉಸಿರು ಏರೋದಷ್ಟೇ ಅಲ್ಲ, ಏರಿದ ಉಸಿರೂ ಗಾಬರಿಗೆ ತುಪ್ಪ ಸುರಿಯಬಹುದು. ಗೌರಿಯ ತಲೆಯೊಳಗೂ ಹೀಗೇನಾ?

ಈ ಭಯ ಬಿಡಿಸೋದು ಸುಲಭ ಇಲ್ಲ. ಬರೀ ಸದ್ದು ಕೇಳಿಸ್ತಾ ಹೋದರೆ ತಗ್ಗುತ್ತೆ, ಆದರೆ ಅಳಿಸಿ ಹೋಗಲ್ಲ. ಸ್ವಲ್ಪ ದಿನ ಬಿಟ್ಟರೆ ತಾನೇ ಮರಳಿ ಬರುತ್ತೆ, ಪಾವ್ಲೋವೇ ಬರೆದಿಟ್ಟ ಮಾತು. ಬುಲೆಟ್ ದೂರದಲ್ಲಿ ಶುರು ಮಾಡಿ ಇವಳಿಗೆ ಬೆಲ್ಲ ಕೊಟ್ಟರೆ? ಆಮೇಲೆ ದಿನಾ ಸ್ವಲ್ಪ ಹತ್ತಿರ. ಭಾವನಿಗೆ ಹೇಳಿದೆ, "ಹಸುಗೋಸ್ಕರ ಪೆಟ್ರೋಲ್ ಸುಡಬೇಕೇನಯ್ಯಾ" ಅಂತ ನಕ್ಕರು. ಭಾನುವಾರ ಮತ್ತೆ ಬರ್ತಾರಂತೆ. ಬೆಲ್ಲ ನಾನೇ ಹಿಡ್ಕೊಂಡಿರ್ತೀನಿ, ಆದರೆ ಸದ್ದು ಮೊದಲೋ ಬೆಲ್ಲ ಮೊದಲೋ ಅನ್ನೋದು ತಪ್ಪಿದರೆ ನಾಳೆ ಬೆಲ್ಲ ಕಂಡರೂ ಇವಳು ಬೆದರಬಹುದು.